ಡೇಟಾ ಕಾನೂನು, ಎಐ, ಐಎಸ್‌ಒ: ಸಣ್ಣ ಕಂಪನಿಯವರು ಎಲ್ಲಿಂದ ಶುರು ಮಾಡಬೇಕು?

ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಯುರೋಪಿನ ಕ್ಲೈಂಟ್ ಉದ್ದನೆಯ ಪ್ರಶ್ನಾವಳಿ ಕಳಿಸಿದ್ದಾರೆ. ಯುರೋಪಿನ ಡೇಟಾ ಕಾನೂನಾದ ಜಿಡಿಪಿಆರ್ ಪಾಲಿಸುತ್ತೀರಾ, ಐಎಸ್‌ಒ 42001 (ಎಐ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಇದೆಯಾ, ನಿಮ್ಮ ಎಐಗೆ ಯಾವ ಡೇಟಾ ಕೊಟ್ಟು ಕಲಿಸಿದ್ದೀರಿ ಅಂತ ಕೇಳಿದ್ದಾರೆ. ಇತ್ತ ನಮ್ಮ ದೇಶದ ಡೇಟಾ ಕಾನೂನಾದ ಡಿಪಿಡಿಪಿಯ ನಿಯಮಗಳೂ ಬಂದಿವೆ. ಒಂದು ಐಎಸ್‌ಒ ಸರ್ಟಿಫಿಕೇಟ್ ತಗೊಂಡುಬಿಟ್ಟರೆ ಎಲ್ಲ ಮುಗಿಯುತ್ತಲ್ವಾ?

ಮುಗಿಯುವುದಿಲ್ಲ. ಸರ್ಟಿಫಿಕೇಟ್ ಬೇಡ ಅಂತಲ್ಲ, ಅದು ಕೊನೆಗೆ ಮಾಡುವ ಕೆಲಸ. ಕಾನೂನು ಬೇರೆ, ಮಾನದಂಡ ಬೇರೆ. ಕಾನೂನು ಮುರಿದರೆ ದಂಡ ಬೀಳುತ್ತದೆ. ಐಎಸ್‌ಒ ಮಾನದಂಡ ನೀವೇ ಇಷ್ಟಪಟ್ಟು ಒಪ್ಪಿಕೊಂಡ ಶಿಸ್ತು. ಗೋಡೆ ಮೇಲೆ ಸರ್ಟಿಫಿಕೇಟ್ ಇದೆ ಅಂತ ಯಾವ ದೇಶದ ಅಧಿಕಾರಿಯೂ ದಂಡ ಮನ್ನಾ ಮಾಡುವುದಿಲ್ಲ.

ಓದಲು ಸುಲಭವಾಗಲಿ ಅಂತ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಹದಿನೈದು ಜನರ ಒಂದು ಕಂಪನಿ ಇದೆ ಅಂದುಕೊಳ್ಳಿ. ಕೆಲಸಕ್ಕೆ ಅರ್ಜಿ ಹಾಕಿದವರ ರೆಸ್ಯೂಮೆಗಳನ್ನು ಎಐ ಮೂಲಕ ಓದಿ ಅಂಕ ಕೊಡುವ ಸಾಫ್ಟ್‌ವೇರ್ ಮಾಡುತ್ತದೆ. ಗ್ರಾಹಕರಲ್ಲಿ ಜರ್ಮನಿಯ ಒಂದು ಕಂಪನಿ, ಬೆಂಗಳೂರಿನ ಒಂದು ಆಸ್ಪತ್ರೆ. ನಿಮ್ಮ ವ್ಯವಹಾರ ಬೇರೆ ಇರಬಹುದು, ಹೆಜ್ಜೆಗಳು ಇವೇ.

ಮೊದಲು ಗೊತ್ತಿರಬೇಕಾದ ಹೆಸರುಗಳು

ಡಿಪಿಡಿಪಿ ಅಂದರೆ ಭಾರತದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂತೆ ನಿಯಮ ಮಾಡಲಾಗಿದೆ. ಈ ಕಾಯ್ದೆಯ ಬೇರು ನಮ್ಮಲ್ಲೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಕಾನೂನನ್ನು ಹೊರಗಿನಿಂದ ಬಂದ ಕಾಟ ಅಂತ ನೋಡುವವರಿಗೆ ನಾನು ಮೊದಲು ಈ ಹೆಸರನ್ನೇ ಹೇಳುತ್ತೇನೆ.

ಜಿಡಿಪಿಆರ್ ಯುರೋಪಿಯನ್ ಒಕ್ಕೂಟದ ಡೇಟಾ ಕಾನೂನು. 2018ರ ಮೇ 25ರಿಂದ ಜಾರಿಯಲ್ಲಿದೆ. ಯುರೋಪಿನಲ್ಲಿ ಇರುವವರಿಗೆ ಸರಕು, ಸೇವೆ ಕೊಡುವ ಹೊರದೇಶದ ಕಂಪನಿಗೂ ಅನ್ವಯಿಸುತ್ತದೆ. ದಂಡ 2 ಕೋಟಿ ಯೂರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ 4, ಯಾವುದು ಜಾಸ್ತಿಯೋ ಅಲ್ಲಿಯವರೆಗೆ ಹೋಗಬಹುದು.

ಇಯು ಎಐ ಆ್ಯಕ್ಟ್ ಅದೇ ಒಕ್ಕೂಟದ ಎಐ ಕಾನೂನು. 2024ರ ಆಗಸ್ಟ್ 1ರಂದು ಜಾರಿಗೆ ಬಂತು, ಆದರೆ ಬೇರೆ ಬೇರೆ ಭಾಗಗಳು ಬೇರೆ ಬೇರೆ ದಿನ ಅನ್ವಯವಾಗುತ್ತವೆ. ಭಾರತದಲ್ಲಿ ಎಐಗೆಂದೇ ಇಂಥ ಕಾನೂನು ಇಲ್ಲ. ಕೇಂದ್ರ ಐಟಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಮಾರ್ಗಸೂಚಿ ಮಾತ್ರ ಹೊರಡಿಸಿದೆ.

ಹಂತ 1: ಡೇಟಾ ಪಟ್ಟಿ ಮಾಡಿ

ಒಂದು ಎಕ್ಸೆಲ್ ಹಾಳೆ ಸಾಕು. ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಡಿ. ಪ್ರತಿ ಸಾಲಿನಲ್ಲೂ ಇಷ್ಟನ್ನು ಬರೆಯಿರಿ: ಯಾರ ಮಾಹಿತಿ, ಏನೇನು ಮಾಹಿತಿ, ಯಾಕೆ ಬೇಕು, ಎಲ್ಲಿಟ್ಟಿದ್ದೀರಿ, ಯಾರು ಯಾರು ನೋಡಬಹುದು, ಯಾವ ಹೊರಗಿನ ಕಂಪನಿಗೆ ಹೋಗುತ್ತದೆ, ಯಾವಾಗ ಅಳಿಸುತ್ತೀರಿ.

ನಮ್ಮ ಮೈಸೂರಿನ ಕಂಪನಿಯ ಒಂದು ಸಾಲು ನೋಡಿ. ಮಾಹಿತಿ: ಆಸ್ಪತ್ರೆಗೆ ಅರ್ಜಿ ಹಾಕಿದ ನರ್ಸ್‌ಗಳ ರೆಸ್ಯೂಮೆ. ಎಲ್ಲಿದೆ: ಮುಂಬೈ ಕ್ಲೌಡ್ ಸರ್ವರ್. ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ. ಸ್ವಲ್ಪ ಕೆದಕಿದರೆ ಅದೇ ರೆಸ್ಯೂಮೆ ಸಪೋರ್ಟ್ ತಂಡದ ಇಮೇಲ್‌ನಲ್ಲಿ ಸಿಗುತ್ತದೆ. ಟೆಸ್ಟಿಂಗ್‌ಗೆ ಅಂತ ಡೆವಲಪರ್ ಒಬ್ಬರು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡ ಫೋಲ್ಡರ್‌ನಲ್ಲಿ ಸಿಗುತ್ತದೆ. ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಇರುತ್ತದೆ. ಯಾರೋ ಚಾಟ್‌ಬಾಟ್‌ಗೆ ಹಾಕಿ ಸಾರಾಂಶ ಮಾಡಿಸಿಕೊಂಡಿರುತ್ತಾರೆ. ಪಟ್ಟಿ ಮಾಡುವುದು ಈ ಮೂಲೆಗಳಿಗೋಸ್ಕರ.

ಎಚ್ಚರ: ಪಟ್ಟಿಯನ್ನು ಮ್ಯಾನೇಜರ್ ಒಬ್ಬರೇ ಕೂತು ತುಂಬಬಾರದು. ದಿನಾ ಆ ಕೆಲಸ ಮಾಡುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೈಯುವುದಿಲ್ಲ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಫೋಲ್ಡರ್ ವಿಷಯ ಯಾರೂ ಬಾಯಿ ಬಿಡುವುದಿಲ್ಲ.

ಈ ಹಂತಕ್ಕೆ ಎರಡು ವಾರ ಹೋದರೂ ಪರವಾಗಿಲ್ಲ. ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಲ್ಲುತ್ತವೆ.

ಹಂತ 2: ಪ್ರತಿ ಸಾಲಿನಲ್ಲೂ ನೀವು ಯಾರು ಅಂತ ಗುರುತು ಹಾಕಿ

ಡೇಟಾ ಯಾಕೆ, ಹೇಗೆ ಬಳಸಬೇಕು ಅಂತ ತೀರ್ಮಾನಿಸುವವರನ್ನು ನಮ್ಮ ಕಾಯ್ದೆ ಡೇಟಾ ಫಿಡ್ಯೂಷಿಯರಿ ಎನ್ನುತ್ತದೆ, ಜಿಡಿಪಿಆರ್ ಕಂಟ್ರೋಲರ್ ಎನ್ನುತ್ತದೆ. ಅವರು ಹೇಳಿದಂತೆ ಕೆಲಸ ಮಾಡಿಕೊಡುವವರು ಡೇಟಾ ಪ್ರೊಸೆಸರ್. ಆ ಮಾಹಿತಿ ಯಾರದ್ದೋ ಅವರು ಡೇಟಾ ಪ್ರಿನ್ಸಿಪಲ್.

ಒಂದೇ ಕಂಪನಿ ಎರಡೂ ಆಗಿರುತ್ತದೆ. ನಮ್ಮ ಉದಾಹರಣೆಯಲ್ಲಿ, ಸ್ವಂತ ಉದ್ಯೋಗಿಗಳ ಸಂಬಳದ ವಿವರಕ್ಕೆ ನೀವು ಫಿಡ್ಯೂಷಿಯರಿ. ಆಸ್ಪತ್ರೆಯ ಅರ್ಜಿಗಳಿಗೆ ಆಸ್ಪತ್ರೆ ಫಿಡ್ಯೂಷಿಯರಿ, ನೀವು ಪ್ರೊಸೆಸರ್. ಆದರೆ ಅದೇ ಅರ್ಜಿಗಳನ್ನು ನಿಮ್ಮ ಎಐ ಮಾಡೆಲ್ ಚೆನ್ನಾಗಿ ಕಲಿಯಲಿ ಅಂತ ಬಳಸಿದಿರೋ, ಆ ಕ್ಷಣ ಉದ್ದೇಶ ನಿಮ್ಮದಾಯಿತು. ನೀವು ಬರೀ ಪ್ರೊಸೆಸರ್ ಆಗಿ ಉಳಿಯಲಿಲ್ಲ. ಎಐ ಕಂಪನಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಕ್ಲೈಂಟ್ ಕೊಟ್ಟ ಡೇಟಾದಿಂದ ಮಾಡೆಲ್ ಸುಧಾರಿಸಬೇಕಾದರೆ ಒಪ್ಪಂದದಲ್ಲಿ ಅದನ್ನು ಬಾಯಿಬಿಟ್ಟು ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಅರ್ಜಿದಾರರಿಗೂ ತಿಳಿಯುವಂತೆ ಮಾಡಿ.

ಇನ್ನೊಂದು ಮಾತು. ನಮ್ಮ ಕಾಯ್ದೆಯಲ್ಲಿ ಪ್ರೊಸೆಸರ್ ತಪ್ಪು ಮಾಡಿದರೂ ಉತ್ತರ ಕೊಡಬೇಕಾದವರು ಫಿಡ್ಯೂಷಿಯರಿಯೇ. ಹಾಗಾಗಿ ನಿಮ್ಮ ಪೇರೋಲ್ ಕಂಪನಿ, ಎಸ್ಎಂಎಸ್ ಕಂಪನಿ, ಕ್ಲೌಡ್ ಕಂಪನಿ ಎಲ್ಲರ ಜೊತೆ ಲಿಖಿತ ಒಪ್ಪಂದ ಇರಲೇಬೇಕು.

ಜರ್ಮನಿಯ ಅರ್ಜಿದಾರರ ವಿಷಯದಲ್ಲಿ ಡಿಪಿಡಿಪಿ ಸ್ವಲ್ಪ ಸಡಿಲ ಕೊಟ್ಟಿದೆ. ಹೊರದೇಶದ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು, ಭಾರತದಲ್ಲಿ ಇಲ್ಲದವರ ಡೇಟಾ ಮೇಲೆ ಇಲ್ಲಿ ಕೆಲಸ ಮಾಡುವವರಿಗೆ ನೋಟಿಸ್ (ಯಾವ ಮಾಹಿತಿ, ಯಾಕೆ ಬೇಕು ಅಂತ ಜನರಿಗೆ ತಿಳಿಸುವ ಬರಹ), ಒಪ್ಪಿಗೆಯಂಥ ಹಲವು ಹೊಣೆಗಳಿಂದ ವಿನಾಯಿತಿ ಇದೆ. ಭದ್ರತೆಯ ಹೊಣೆ ಮಾತ್ರ ತಪ್ಪುವುದಿಲ್ಲ. ಜಿಡಿಪಿಆರ್ ಹೊಣೆಗಳಂತೂ ಒಪ್ಪಂದದ ಮೂಲಕ ನಿಮ್ಮ ಹೆಗಲಿಗೆ ಬಂದೇ ಬರುತ್ತವೆ. ಡೇಟಾಗೆ ತನ್ನಲ್ಲಿರುವಷ್ಟೇ ರಕ್ಷಣೆ ಇದೆ ಎಂದು ಯುರೋಪ್ ಒಪ್ಪಿಕೊಂಡ ದೇಶಗಳ ಪಟ್ಟಿಯಲ್ಲಿ ಜಪಾನ್, ದಕ್ಷಿಣ ಕೊರಿಯಾ ಇವೆ, ಭಾರತ ಇಲ್ಲ. ಆದ್ದರಿಂದ ಯುರೋಪಿಯನ್ ಕಮಿಷನ್ 2021ರಲ್ಲಿ ಹೊರಡಿಸಿದ ಸಿದ್ಧ ಒಪ್ಪಂದದ ಷರತ್ತುಗಳಿಗೆ ಸಹಿ ಹಾಕಬೇಕಾಗುತ್ತದೆ. ಅವನ್ನು ಎಸ್‌ಸಿಸಿ ಎನ್ನುತ್ತಾರೆ. ಷರತ್ತುಗಳ ಮಾತು ಬದಲಿಸುವಂತಿಲ್ಲ, ಅನುಬಂಧ ಮಾತ್ರ ನೀವು ತುಂಬಬೇಕು. ಈ ಅನುಬಂಧ ತುಂಬುವಾಗ ವಕೀಲರ ಸಹಾಯಕ್ಕೆ ಖರ್ಚು ಮಾಡಿ. ದಂಡದ ಭಯ ಸುಮ್ನೆ ಅಲ್ಲ. ಡೇಟಾ ಅಮೆರಿಕಕ್ಕೆ ಕಳಿಸಿದ ರೀತಿ ಸರಿಯಿಲ್ಲ ಎಂದು 2023ರ ಮೇ ತಿಂಗಳಲ್ಲಿ ಐರ್ಲೆಂಡಿನ ನಿಯಂತ್ರಕರು ಮೆಟಾ ಕಂಪನಿಗೆ 120 ಕೋಟಿ ಯೂರೋ ದಂಡ ಹಾಕಿದರು. ಆ ಕಂಪನಿ ಎಸ್‌ಸಿಸಿ ಬಳಸಿಯೇ ಕಳಿಸುತ್ತಿತ್ತು, ಅಂದರೆ ಬರೀ ಸಹಿ ಹಾಕಿದರೆ ಸಾಲದು.

ಹಂತ 3: ನೋಟಿಸ್ ಮತ್ತು ಒಪ್ಪಿಗೆ ಸರಿ ಮಾಡಿ

ನಮ್ಮ ಕಾಯ್ದೆ ಪ್ರಕಾರ ಒಪ್ಪಿಗೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕಿರಬೇಕು, ಜನ ತಾವಾಗಿ ಕೊಟ್ಟಿರಬೇಕು. ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆ ಅಲ್ಲ. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲೂ ಆಗಬೇಕು. ಒಂದು ಕ್ಲಿಕ್ಕಿನಲ್ಲಿ ಒಪ್ಪಿಗೆ ಪಡೆದು, ಬೇಡ ಅನ್ನುವವರು ರಿಜಿಸ್ಟರ್ಡ್ ಪೋಸ್ಟ್ ಮಾಡಬೇಕು ಅಂದರೆ ನಡೆಯುವುದಿಲ್ಲ.

ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೋ ಅದರಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಇದು ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ದಯವಿಟ್ಟು ಇಂಗ್ಲಿಷ್ ನೋಟಿಸನ್ನು ಯಂತ್ರಕ್ಕೆ ಹಾಕಿ, ಬಂದದ್ದನ್ನು ಹಾಗೇ ಅಂಟಿಸಬೇಡಿ. ಓದಿದರೆ ಅರ್ಥವಾಗದ ನೋಟಿಸಿಗೆ ಕೊಟ್ಟ ಒಪ್ಪಿಗೆ ತಿಳಿದು ಕೊಟ್ಟ ಒಪ್ಪಿಗೆ ಆಗುವುದಿಲ್ಲ.

ಆಸ್ಪತ್ರೆಯ ಅರ್ಜಿ ಫಾರಂಗೆ ಹೀಗೆ ಬರೆಯಬಹುದು:

"ನಿಮ್ಮ ಹೆಸರು, ಫೋನ್ ನಂಬರ್, ಓದು ಮತ್ತು ಕೆಲಸದ ಅನುಭವದ ವಿವರ ಕೇಳುತ್ತಿದ್ದೇವೆ. ಈ ಹುದ್ದೆಗೆ ಆಯ್ಕೆ ಮಾಡಲು ಮಾತ್ರ ಇದನ್ನು ಬಳಸುತ್ತೇವೆ. ಮೊದಲ ಸುತ್ತಿನಲ್ಲಿ ಒಂದು ಎಐ ಸಾಫ್ಟ್‌ವೇರ್ ನಿಮ್ಮ ರೆಸ್ಯೂಮೆಗೆ ಅಂಕ ಕೊಡುತ್ತದೆ. ಆಮೇಲೆ ನಮ್ಮ ಸಿಬ್ಬಂದಿ ಓದಿ ತೀರ್ಮಾನಿಸುತ್ತಾರೆ. ಒಂದು ವರ್ಷದ ನಂತರ ಅಳಿಸುತ್ತೇವೆ. ಒಪ್ಪಿಗೆ ವಾಪಸ್ ಪಡೆಯಲು ಇಲ್ಲಿ ಒತ್ತಿ. ದೂರು ಇದ್ದರೆ ಈ ವಿಳಾಸಕ್ಕೆ ಬರೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಡೇಟಾ ಪ್ರೊಟೆಕ್ಷನ್ ಬೋರ್ಡ್‌ಗೆ ದೂರು ಕೊಡಬಹುದು."

ಇಷ್ಟೇ. ಇಲ್ಲಿ ಹೇಳಿದ ಬೋರ್ಡ್ ಅಂದರೆ ಡಿಪಿಡಿಪಿ ಕಾಯ್ದೆಯಡಿ ದೂರು ವಿಚಾರಿಸಿ ದಂಡ ಹಾಕುವ ಮಂಡಳಿ. ನೋಟಿಸ್ ಕೊಡುವ ಹೊಣೆ ಆಸ್ಪತ್ರೆಯದು. ಫಾರಂ ಇರುವುದು ನಿಮ್ಮ ಸಾಫ್ಟ್‌ವೇರ್‌ನಲ್ಲಾದ್ದರಿಂದ ನೀವೇ ಕರಡು ಮಾಡಿಕೊಟ್ಟರೆ ಅವರಿಗೂ ಅನುಕೂಲ.

ಎಚ್ಚರ: ಯುರೋಪಿನ ಯಾವುದೋ ಕಂಪನಿಯ ಪ್ರೈವಸಿ ಪಾಲಿಸಿ ನಕಲು ಮಾಡಬೇಡಿ. ಜಿಡಿಪಿಆರ್‌ನಲ್ಲಿ ಡೇಟಾ ಬಳಸಲು ಆರು ಆಧಾರಗಳಿವೆ. ಅದರಲ್ಲಿ ಒಂದು, ಕಂಪನಿಯ ನ್ಯಾಯಯುತ ಹಿತಾಸಕ್ತಿ. ನಮ್ಮ ಕಾಯ್ದೆಯಲ್ಲಿ ಆ ಆಧಾರವೇ ಇಲ್ಲ. ಒಪ್ಪಿಗೆ ಬೇಕು, ಅಥವಾ ಕಾಯ್ದೆ ಹೆಸರಿಸಿದ ಕೆಲವೇ ಸಂದರ್ಭಗಳಲ್ಲಿ ಒಂದಾಗಿರಬೇಕು. ಮತ್ತೊಂದು ವ್ಯತ್ಯಾಸ ವಯಸ್ಸು. ನಮ್ಮಲ್ಲಿ 18 ತುಂಬದವರೆಲ್ಲ ಮಕ್ಕಳೇ. ತಂದೆತಾಯಿಯ ಒಪ್ಪಿಗೆಯನ್ನು ಖಚಿತ ಮಾಡಿಕೊಳ್ಳಬೇಕು, ಮಕ್ಕಳ ಆನ್‌ಲೈನ್ ಓಡಾಟವನ್ನು ಹಿಂಬಾಲಿಸಿ ಜಾಹೀರಾತು ತೋರಿಸುವಂತಿಲ್ಲ. ಶಾಲೆ, ಟ್ಯೂಷನ್ ಆ್ಯಪ್ ಮಾಡುವವರು ಈ ಭಾಗವನ್ನು ಎರಡು ಸಲ ಓದಿ. ಇದರಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಇದೆ.

ಹಂತ 4: ಆಫೀಸಿನಲ್ಲಿ ಬಳಸುವ ಎಐ ಟೂಲ್‌ಗಳಿಗೆ ಕಟ್ಟುಪಾಡು ಹಾಕಿ

ನೀವು ಎಐ ಮಾರದಿದ್ದರೂ ಈ ಹಂತ ಬೇಕು. ಚಾಟ್‌ಬಾಟ್‌ನಲ್ಲಿ ಅಂಟಿಸಿದ ಪ್ರತಿ ಸಾಲೂ ಹೊರಗಿನ ಕಂಪನಿಯ ಸರ್ವರ್‌ಗೆ ಹೋಗುತ್ತದೆ. 2023ರಲ್ಲಿ ಸ್ಯಾಮ್‌ಸಂಗ್ ಉದ್ಯೋಗಿಗಳು ಕಂಪನಿಯ ಕೋಡನ್ನೇ ಚಾಟ್‌ಜಿಪಿಟಿಗೆ ಹಾಕಿದ್ದು ಸುದ್ದಿಯಾಯಿತು, ಆಮೇಲೆ ಕಂಪನಿ ಅಂಥ ಟೂಲ್‌ಗಳಿಗೆ ನಿರ್ಬಂಧ ಹಾಕಿತು. ಪೂರ್ತಿ ನಿಷೇಧ ಮಾಡಿ ಅಂತ ನಾನು ಹೇಳುವುದಿಲ್ಲ. ಹಾಗೆ ಮಾಡಿದರೆ ಜನ ತಮ್ಮ ಫೋನಿನಲ್ಲಿ ಬಳಸುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ. ಕಂಪನಿಯೇ ದುಡ್ಡು ಕೊಟ್ಟು ಒಂದು ಟೂಲ್ ತೆಗೆದುಕೊಡಲಿ.

ಕೊಳ್ಳುವ ಮೊದಲು ಷರತ್ತುಗಳಲ್ಲಿ ಇವನ್ನು ಹುಡುಕಿ: ನಾವು ಹಾಕಿದ್ದನ್ನು ಮಾಡೆಲ್ ಕಲಿಸಲು ಬಳಸುತ್ತೀರಾ? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಯಾವ ದೇಶದಲ್ಲಿ? ನಿಮ್ಮ ಕೆಳಗೆ ಇನ್ನಾವ ಕಂಪನಿಗಳು ಕೆಲಸ ಮಾಡುತ್ತವೆ? ಒಂದೇ ಟೂಲ್‌ನ ಉಚಿತ ಖಾತೆಗೂ ಬಿಸಿನೆಸ್ ಖಾತೆಗೂ ಷರತ್ತು ಬೇರೆ ಇರುತ್ತದೆ. ನೀವು ಬಿಸಿನೆಸ್ ಖಾತೆಯ ಷರತ್ತು ಓದಿದ್ದರೂ, ತಂಡದವರು ಉಚಿತ ಖಾತೆ ಬಳಸುತ್ತಿದ್ದರೆ ಉಪಯೋಗವಿಲ್ಲ.

ಹೆಸರು ತೆಗೆದು ಹಾಕಿದರೆ ಸಾಕು ಅನ್ನುವ ನಂಬಿಕೆ ಬಿಡಿ. ರೆಸ್ಯೂಮೆಯಿಂದ ಹೆಸರು, ಫೋನ್ ನಂಬರ್ ಅಳಿಸಿ, "ಶಿರಸಿಯಲ್ಲಿ ಓದು, 2019ರಲ್ಲಿ ನರ್ಸಿಂಗ್‌ನಲ್ಲಿ ಮೊದಲ ರ್‍ಯಾಂಕ್, ಮಸ್ಕತ್‌ನಲ್ಲಿ ಮೂರು ವರ್ಷ ಕೆಲಸ" ಅಂತ ಉಳಿಸಿದರೆ ಊರಿನವರು ಒಂದೇ ನಿಮಿಷದಲ್ಲಿ ಯಾರು ಅಂತ ಹೇಳುತ್ತಾರೆ. ಹೆಸರಿನ ಬದಲು ನಂಬರ್ ಹಾಕಿದ್ದನ್ನು ಜಿಡಿಪಿಆರ್ ಇನ್ನೂ ವೈಯಕ್ತಿಕ ಡೇಟಾ ಎಂದೇ ನೋಡುತ್ತದೆ.

ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಕಾಣುವ ಮಾಹಿತಿ ಬಳಸಬಹುದಲ್ವಾ ಅಂತಲೂ ಕೇಳುತ್ತಾರೆ. ವ್ಯಕ್ತಿ ತಾನೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಡಿಪಿಡಿಪಿ ಅನ್ವಯಿಸುವುದಿಲ್ಲ. ಬೇರೆಯವರು ಹಾಕಿದ್ದರೆ, ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ಮಾಹಿತಿ ಬಿಟ್ಟು, ಆ ವಿನಾಯಿತಿ ಇಲ್ಲ. ಜಿಡಿಪಿಆರ್‌ನಲ್ಲಂತೂ ಇಂಥ ರಿಯಾಯಿತಿಯೇ ಇಲ್ಲ. ಜಾಲದಲ್ಲಿದ್ದ ಮುಖದ ಫೋಟೋಗಳನ್ನು ಬಾಚಿಕೊಂಡು ಡೇಟಾಬೇಸ್ ಕಟ್ಟಿದ ಅಮೆರಿಕದ ಕ್ಲಿಯರ್‌ವ್ಯೂ ಎಐ ಕಂಪನಿಗೆ ನೆದರ್ಲೆಂಡ್ಸ್ ನಿಯಂತ್ರಕರು 2024ರಲ್ಲಿ 3.05 ಕೋಟಿ ಯೂರೋ ದಂಡ ಹಾಕಿದ್ದು ಇದಕ್ಕೇ.

ಹಂತ 5: ಯುರೋಪಿಗೆ ಎಐ ಮಾರುತ್ತಿದ್ದರೆ ಅಪಾಯದ ವರ್ಗ ನೋಡಿಕೊಳ್ಳಿ

ಎಐ ಆ್ಯಕ್ಟ್ ಎಲ್ಲ ಎಐಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಕೆಲವು ಬಳಕೆಗೆ 2025ರ ಫೆಬ್ರವರಿ 2ರಿಂದಲೇ ನಿಷೇಧ ಇದೆ. ಆಫೀಸಿನಲ್ಲಿ, ಶಾಲೆಯಲ್ಲಿ ಮುಖ ನೋಡಿ ಭಾವನೆ ಅಳೆಯುವ ಎಐ ಅದರಲ್ಲಿ ಒಂದು. ವೈದ್ಯಕೀಯ, ಸುರಕ್ಷತೆಯ ಕಾರಣಕ್ಕೆ ಮಾತ್ರ ಬಿಟ್ಟಿದ್ದಾರೆ. ವಿಡಿಯೋ ಸಂದರ್ಶನದಲ್ಲಿ ಅಭ್ಯರ್ಥಿಯ ಆತ್ಮವಿಶ್ವಾಸ ಮುಖ ನೋಡಿ ಹೇಳುವ ಫೀಚರ್ ಇದ್ದರೆ ಜರ್ಮನಿಗೆ ಕೊಡುವ ಆವೃತ್ತಿಯಿಂದ ತೆಗೆದುಹಾಕಿ. ನಿಷೇಧ ಮುರಿದರೆ ದಂಡ 3.5 ಕೋಟಿ ಯೂರೋ ಅಥವಾ ವಹಿವಾಟಿನ ಶೇ 7ರವರೆಗೆ. ಸಣ್ಣ ಕಂಪನಿಗೆ ಇವೆರಡರಲ್ಲಿ ಕಡಿಮೆಯದ್ದು ಮಿತಿ.

ಅದರ ಕೆಳಗಿನದು ಹೆಚ್ಚಿನ ಅಪಾಯದ ವರ್ಗ. ಕೆಲಸಕ್ಕೆ ಜನರನ್ನು ಆಯ್ಕೆ ಮಾಡುವುದು, ಸಾಲ ಕೊಡಲು ಯೋಗ್ಯರಾ ಅಂತ ನೋಡುವುದು, ಪರೀಕ್ಷೆಯ ಮೌಲ್ಯಮಾಪನ ಇವೆಲ್ಲ ಇಲ್ಲಿ ಬರುತ್ತವೆ. ಅಂದರೆ ನಮ್ಮ ಮೈಸೂರಿನ ಕಂಪನಿ ನೇರವಾಗಿ ಇದರೊಳಗೆ. ಎಐ ಕೊಟ್ಟ ಫಲಿತಾಂಶ ಯುರೋಪಿನಲ್ಲಿ ಬಳಕೆಯಾದರೆ ಸಾಕು, ಕಂಪನಿ ಎಲ್ಲಿದ್ದರೂ ಕಾನೂನು ತಟ್ಟುತ್ತದೆ. ಅಪಾಯಗಳ ದಾಖಲೆ, ಕಲಿಸಲು ಬಳಸಿದ ಡೇಟಾದ ಗುಣಮಟ್ಟ, ಲಾಗ್ (ಯಾವಾಗ ಏನು ನಡೆಯಿತು ಅನ್ನುವ ದಾಖಲೆ), ಮನುಷ್ಯರ ಮೇಲ್ವಿಚಾರಣೆ, ಯುರೋಪಿನಲ್ಲಿ ಒಬ್ಬ ಅಧಿಕೃತ ಪ್ರತಿನಿಧಿ ಎಲ್ಲವೂ ಬೇಕಾಗುತ್ತದೆ. ಈ ಭಾಗಕ್ಕೆ ಮೂಲ ದಿನಾಂಕ 2026ರ ಆಗಸ್ಟ್ 2. ಮುಂದೂಡುವ ಪ್ರಸ್ತಾಪವನ್ನು ಯುರೋಪಿಯನ್ ಕಮಿಷನ್ 2025ರ ನವೆಂಬರ್‌ನಲ್ಲಿ ಇಟ್ಟಿತು. ಹಾಗಾಗಿ ಒಪ್ಪಂದದಲ್ಲಿ ದಿನಾಂಕ ಬರೆಯುವ ಮುಂಚೆ ಕಮಿಷನ್‌ನ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

"ನಾವು ಬರೀ ಅಂಕ ಕೊಡುತ್ತೇವೆ, ತೀರ್ಮಾನ ಕ್ಲೈಂಟ್‌ದು" ಅನ್ನುವ ಮಾತನ್ನು ನೆಚ್ಚಿಕೊಳ್ಳಬೇಡಿ. ಜರ್ಮನಿಯ ಸಾಲದ ಅಂಕ ಕೊಡುವ ಶೂಫಾ ಕಂಪನಿ ಹೀಗೇ ವಾದಿಸಿತ್ತು. 2023ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ಮೂರನೆಯವರು ಆ ಅಂಕವನ್ನೇ ಬಲವಾಗಿ ನೆಚ್ಚಿ ತೀರ್ಮಾನ ಮಾಡಿದರೆ ಅಂಕ ಕೊಡುವುದೇ ಯಂತ್ರ ಮಾಡಿದ ತೀರ್ಮಾನ ಆಗುತ್ತದೆ ಎಂದಿತು. ಆದ್ದರಿಂದ ಅಂಕದ ಜೊತೆ ಕಾರಣ ತೋರಿಸಿ. ಕಡಿಮೆ ಅಂಕ ಬಂದವರನ್ನು ತಾನಾಗೇ ತಿರಸ್ಕರಿಸುವ ಸೆಟ್ಟಿಂಗ್ ಇಡಬೇಡಿ. ಓದಿದ ಸಿಬ್ಬಂದಿ ಅಂಕಕ್ಕೆ ವಿರುದ್ಧವಾಗಿ ತೀರ್ಮಾನಿಸಲು ಒಂದು ಬಟನ್ ಇರಲಿ, ಅದನ್ನು ಎಷ್ಟು ಸಲ ಒತ್ತಿದರು ಅನ್ನುವುದು ದಾಖಲಾಗಲಿ. ಒಮ್ಮೆಯೂ ಒತ್ತಿಲ್ಲ ಅಂದರೆ ಮೇಲ್ವಿಚಾರಣೆ ನಡೆಯುತ್ತಿಲ್ಲ ಎಂದೇ ಅರ್ಥ. ಆ ರೆಸ್ಯೂಮೆಯ ಹಿಂದೆ ಮನೆ ನಡೆಸಲು ಕೆಲಸ ಹುಡುಕುತ್ತಿರುವ ಒಬ್ಬರು ಇದ್ದಾರೆ. ಯಾಕೆ ಸಿಗಲಿಲ್ಲ ಅಂತ ಕೇಳುವ ಹಕ್ಕು ಅವರಿಗೆ ಇರಲೇಬೇಕು.

ಹಂತ 6: ಡೇಟಾ ಸೋರಿದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಡಿ

ಗಡಿಯಾರಗಳು ಬೇರೆ ಬೇರೆ ಓಡುತ್ತವೆ. ಸೈಬರ್ ದಾಳಿ, ಡೇಟಾ ಸೋರಿಕೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಇದು ಕೇಂದ್ರ ಸರ್ಕಾರದ ಸೈಬರ್ ತುರ್ತು ತಂಡ. 2022ರ ಏಪ್ರಿಲ್ 28ರ ಆದೇಶ, ಈಗಲೇ ಜಾರಿಯಲ್ಲಿದೆ. ಡಿಪಿಡಿಪಿ ಪ್ರಕಾರ ಬೋರ್ಡ್‌ಗೂ ತೊಂದರೆಗೊಳಗಾದವರಿಗೂ ತಡಮಾಡದೆ ಹೇಳಬೇಕು, ಪೂರ್ತಿ ವಿವರ 72 ಗಂಟೆಯೊಳಗೆ ಬೋರ್ಡ್‌ಗೆ ಕೊಡಬೇಕು. ಜಿಡಿಪಿಆರ್‌ನಲ್ಲೂ ಕಂಟ್ರೋಲರ್‌ಗೆ 72 ಗಂಟೆ. ನೀವು ಪ್ರೊಸೆಸರ್ ಆಗಿದ್ದರೆ ಕ್ಲೈಂಟ್‌ಗೆ ತಕ್ಷಣ ತಿಳಿಸಬೇಕು. ಒಪ್ಪಂದದಲ್ಲಿ 24 ಗಂಟೆ ಅಂತ ಬರೆದಿರಬಹುದು, ನೋಡಿಕೊಳ್ಳಿ.

ಭಾನುವಾರ ರಾತ್ರಿ ಗೊತ್ತಾದರೆ ಯಾರು ಯಾರಿಗೆ ಫೋನ್ ಮಾಡಬೇಕು? ಒಂದೇ ಪುಟದಲ್ಲಿ ಬರೆದು ಪ್ರಿಂಟ್ ತೆಗೆದಿಡಿ. ಸಿಸ್ಟಮ್ಮೇ ಲಾಕ್ ಆದಾಗ ಡ್ರೈವ್‌ನಲ್ಲಿಟ್ಟ ಫೈಲ್ ತೆರೆಯುವುದಿಲ್ಲ. ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಏನು ತೆರೆದರು ಅನ್ನುವ ದಾಖಲೆಯನ್ನು, ಒಂದು ವರ್ಷ ಇಡಬೇಕು ಎಂದು ಡಿಪಿಡಿಪಿ ನಿಯಮಗಳು ಹೇಳುತ್ತವೆ. ಸೂಕ್ತ ಭದ್ರತೆ ಇಲ್ಲದೆ ಡೇಟಾ ಸೋರಿದರೆ ದಂಡದ ಮಿತಿ 250 ಕೋಟಿ ರೂಪಾಯಿ, ಈ ಕಾಯ್ದೆಯಲ್ಲೇ ಅತಿ ದೊಡ್ಡದು.

ಹಂತ 7: ಈಗ ಸರ್ಟಿಫಿಕೇಟ್

ಐಎಸ್‌ಒ 27001 ಮಾಹಿತಿ ಭದ್ರತೆಗೆ, 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳ ಪಟ್ಟಿ ಇದೆ. 27701 ಖಾಸಗಿತನಕ್ಕೆ. 42001 ಎಐ ನಿರ್ವಹಣೆಗೆ, 2023ರ ಡಿಸೆಂಬರ್‌ನಲ್ಲಿ ಬಂತು. ಹೆಚ್ಚಿನವರಿಗೆ ನನ್ನ ಸಲಹೆ: ಮೊದಲು 27001. ಎಐಯೇ ನಿಮ್ಮ ಸರಕಾಗಿದ್ದರೆ ಆಮೇಲೆ 42001.

ಐಎಸ್‌ಒ ಸಂಸ್ಥೆ ತಾನೇ ಸರ್ಟಿಫಿಕೇಟ್ ಕೊಡುವುದಿಲ್ಲ. ಬೇರೆ ಸಂಸ್ಥೆಗಳು ಆಡಿಟ್ ಮಾಡಿ ಕೊಡುತ್ತವೆ. ಆ ಸಂಸ್ಥೆಗೆ ಭಾರತದ ಎನ್‌ಎಬಿಸಿಬಿ ಅಥವಾ ಅಂಥ ಬೇರೆ ದೇಶದ ಮಂಡಳಿಯ ಮಾನ್ಯತೆ ಇದೆಯಾ ನೋಡಿ. "ಒಂದು ವಾರದಲ್ಲಿ ಕೊಡಿಸ್ತೀವಿ ಸರ್" ಅನ್ನುವವರ ಹತ್ತಿರ ಹೋಗಲೇಬೇಡಿ. ಆಡಿಟ್ ಎರಡು ಹಂತದಲ್ಲಿ ನಡೆಯುತ್ತದೆ, ಸರ್ಟಿಫಿಕೇಟ್ ಮೂರು ವರ್ಷಕ್ಕೆ ಸಿಗುತ್ತದೆ, ನಡುವೆ ಪ್ರತಿ ವರ್ಷ ಮತ್ತೆ ಪರಿಶೀಲನೆಗೆ ಬರುತ್ತಾರೆ. ಬೇರೆಯವರ ಸರ್ಟಿಫಿಕೇಟ್ ನೋಡುವಾಗ ಅದರ ವ್ಯಾಪ್ತಿ ಓದಿ. ಡೇಟಾ ಇರುವುದು ಒಂದು ಆಫೀಸಿನಲ್ಲಿ, ಸರ್ಟಿಫಿಕೇಟ್ ಇರುವುದು ಇನ್ನೊಂದಕ್ಕೆ ಆಗಿರಬಾರದು. ಅಮೆರಿಕದ ಕ್ಲೈಂಟ್‌ಗಳು ಸಾಕ್ 2 ಕೇಳುತ್ತಾರೆ. ಅದು ಸರ್ಟಿಫಿಕೇಟ್ ಅಲ್ಲ, ಡೇಟಾ ಭದ್ರತೆ ಬಗ್ಗೆ ಲೆಕ್ಕಪರಿಶೋಧಕರು ಕೊಡುವ ವರದಿ.

ಈಗ ಕ್ಲೈಂಟ್‌ನ ಪ್ರಶ್ನಾವಳಿ ತೆಗೆಯಿರಿ. ಇಲ್ಲದ್ದನ್ನು ಇದೆ ಅಂತ ಬರೆಯಬೇಡಿ. ನಿಮ್ಮ ಉತ್ತರಗಳನ್ನು ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸುವುದುಂಟು. ಆಗ ಸುಳ್ಳು ಉತ್ತರವೇ ಒಪ್ಪಂದ ಮುರಿದದ್ದಕ್ಕೆ ಸಾಕ್ಷಿಯಾಗುತ್ತದೆ. "42001 ಇನ್ನೂ ಇಲ್ಲ, ಡೇಟಾ ಪಟ್ಟಿ ಮತ್ತು ಎಐ ಬಳಕೆಯ ನಿಯಮ ಲಗತ್ತಿಸಿದ್ದೇವೆ, ಆಡಿಟ್ ಇಂಥ ತಿಂಗಳು ಶುರುವಾಗುತ್ತದೆ" ಅಂತ ಬರೆದು, ಆ ಎರಡು ಫೈಲ್‌ಗಳನ್ನು ಸೇರಿಸಿ ಕಳಿಸಿ.